ಬೀಗದ ಕೋಣೆಯ ಮೂರನೇ ತೋಳು

"ಅತ್ತೆ, ಅದು ಸಾಕ್ಷ್ಯ! ಕೊಡಿ ಇಲ್ಲಿ."

"ಸಾಕ್ಷ್ಯವೋ ಸುಡುಗಾಡೋ, ಬೆಚ್ಚಗಿದೆ ಕಣೇ," ಎಂದು ಅತ್ತೆ ಆ ಕೆಂಪು ಉಣ್ಣೆಯ ತೋಳನ್ನು ಕುತ್ತಿಗೆಗೆ ಇನ್ನೊಂದು ಸುತ್ತು ಸುತ್ತಿಕೊಂಡರು. "ಬುಟ್ಟಿ ತುಂಬಾ ಬಿದ್ದಿವೆ. ಒಂದು ಕಡಿಮೆ ಆದರೆ ಆಕಾಶವೇನೂ ಕಳಚಿ ಬೀಳಲ್ಲ."

ಅವರು ಹೇಳಿದ್ದೂ ಸುಳ್ಳಲ್ಲ. ಹೆಣಿಗೆ ಕಾರ್ಖಾನೆಯ ಆ ಕೋಣೆಯಲ್ಲಿದ್ದದ್ದು ಒಂದೇ ಯಂತ್ರ. ಎರಡು ಮಂಚ ಜೋಡಿಸಿದಷ್ಟು ಉದ್ದ, ಸಾಲುಸಾಲು ಸೂಜಿ, ಬದಿಗೊಂದು ಪರದೆ, ಅದರ ಪಕ್ಕದಲ್ಲಿ ಹಸಿರು ದೀಪ ಮತ್ತು ಒಂದು ಗುಂಡಿ. ಊಟದ ಬಿಡುವಿನಲ್ಲಿ ಕೋಣೆಗೆ ಬೀಗ ಬೀಳುತ್ತಿತ್ತು. ಆದರೂ ಒಂದು ವಾರದಿಂದ, ಎಲ್ಲರೂ ಊಟಕ್ಕೆ ಕೂತ ಹೊತ್ತಿಗೆ ಸರಿಯಾಗಿ, ಈ ಯಂತ್ರ ತಾನೇ ಎದ್ದು ತೋಳು ಹೆಣೆದು ಬುಟ್ಟಿಗೆ ಉದುರಿಸುತ್ತಿತ್ತು. ಎದೆಯಿಲ್ಲ, ಬೆನ್ನಿಲ್ಲ, ಕಾಲರ್ ಇಲ್ಲ. ಬರೀ ತೋಳು.

ಬೀಗದಕೈ ಇದ್ದದ್ದು ಯಂತ್ರ ನೋಡಿಕೊಳ್ಳುವ ಭಾವನ ಹತ್ತಿರ ಮಾತ್ರ. ಭಾವ ಎಂದರೆ ಪತ್ತೇದಾರಿ ಕೊಕ್ಕೆಯ ಸ್ವಂತ ಅಕ್ಕನ ಗಂಡ. ಸಂಜೆಯ ಗಂಟೆ ಬಾರಿಸುವುದರೊಳಗೆ ನಿಜ ಹೊರಗೆ ಬರದಿದ್ದರೆ ಭಾವ ಕೆಲಸ ಬಿಟ್ಟು ಮನೆಗೆ ಹೋಗಬೇಕು ಎಂದು ಯಜಮಾನಿ ಬೆಳಿಗ್ಗೆಯೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಕೊಕ್ಕೆ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬಿಡಿ. ಹಿಂದೆ ಅವಳು ಕಂಪ್ಯೂಟರ್ ಕಂಪನಿಯೊಂದರಲ್ಲಿ ಇನ್ನೊಬ್ಬರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವ ಕೆಲಸದಲ್ಲಿದ್ದಳು. ಎಲ್ಲರೂ "ಆಯ್ತು, ಮುಗೀತು, ಮನೆಗೆ ಹೋಗೋಣ" ಎಂದು ಚೀಲ ಹೆಗಲಿಗೇರಿಸುವಾಗ ಇವಳು "ಒಂದ್ನಿಮಿಷ" ಎಂದು ಕೊಕ್ಕೆ ತೆಗೆಯುತ್ತಿದ್ದಳು. ಕಂಪನಿ ಬಿಟ್ಟು, ದರ್ಜಿಯಂಗಡಿಯ ಮಹಡಿಯಲ್ಲಿ ಪತ್ತೇದಾರಿ ಕಚೇರಿ ತೆರೆದ ಮೇಲೂ ಹೆಸರು ಅಂಟಿಕೊಂಡೇ ಬಂತು. ಜೊತೆಗೆ ಅತ್ತೆಯೂ ಬಂದರು. ಮನೆಯಲ್ಲಿ ಕೂತು ಬೇಜಾರಂತೆ.

"ದೆವ್ವ ಹಿಡಿಯೋಕೆ ಬಂದವರು ಕಂಬಳಿ ಹೊದ್ದು ಕೂತಂಗಿದೆ," ಎಂದು ಮ್ಯಾನೇಜರ್ ಬಾಗಿಲಲ್ಲಿ ನಿಂತೇ ಕುಟುಕಿದರು. ಅವರ ಬೂಟು ಎಷ್ಟು ಹೊಳೆಯುತ್ತಿತ್ತೆಂದರೆ ಅದರಲ್ಲಿ ತಲೆ ಬಾಚಿಕೊಳ್ಳಬಹುದಿತ್ತು. "ಇದರಲ್ಲಿ ಪತ್ತೆ ಮಾಡೋದೇನಿದೆ? ಪ್ರತಿ ಸಲವೂ ಪರದೆ ಮೇಲೆ ಬಂದಿರೋದು ಇವರ ಹೆಸರೇ. ದೆವ್ವಕ್ಕೆ ಇವರ ಪಾಸ್‌ವರ್ಡ್ ಯಾರು ಹೇಳಿಕೊಟ್ರು?"

ಭಾವ ದಾರದ ಉಂಡೆಗಳನ್ನು ಎದೆಗವಚಿಕೊಂಡು ನಿಂತಿದ್ದರು. ಪಾಪ, ಅವರ ಮುಖ ಬಾಡಿಹೋಗಿತ್ತು. "ಆಗ ನಾನು ಊಟಕ್ಕೆ ಕೂತಿದ್ದೆ ಸಾರ್. ಊಟದ ಮನೆಯವರೆಲ್ಲ ನೋಡಿದ್ದಾರೆ."

"ಟೈಮರ್ ಇಟ್ಟು ಹೋಗಿರ್ತೀರಿ. ತೋಳು ಮಾರಿಕೊಳ್ಳೋಕೆ. ನಾನು ಮೊದಲೇ ಹೇಳಿದ್ದೆ."

"ಬರೀ ತೋಳನ್ನ ಯಾರಯ್ಯ ಕೊಳ್ತಾರೆ?" ಎಂದರು ಅತ್ತೆ. "ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ ನೀನು." ಆಮೇಲೆ ಸೊಸೆಯ ಕಿವಿಯ ಹತ್ತಿರ ಬಗ್ಗಿ, ಆದರೆ ಇಡೀ ಕೋಣೆಗೆ ಕೇಳುವಂತೆ, "ಇವನೇ ಕಣೇ ಕಳ್ಳ. ಬಂದಾಗಿಂದ ಒಂದು ಲೋಟ ನೀರು ಬೇಕಾ ಅಂತ ಕೇಳಲಿಲ್ಲ," ಎಂದರು.

ಕೊಕ್ಕೆ ನಗು ನುಂಗಿಕೊಂಡಳು. ಅತ್ತೆಯ ಪತ್ತೇದಾರಿಕೆಯಲ್ಲಿ ನೀರು ಕೊಡದವರೆಲ್ಲ ಕಳ್ಳರೇ. ಹೋದ ಕೇಸಿನಲ್ಲಿ ಅವರು ಪೊಲೀಸರನ್ನೇ ಅನುಮಾನಿಸಿದ್ದರು.

"ಭಾವ, ಯಂತ್ರವನ್ನ ಒಂದು ಸಲ ನೀವೇ ಓಡಿಸಿ ತೋರಿಸಿ."

ಭಾವ ಗುಂಡಿ ಒತ್ತಿದರು. ಹಸಿರು ದೀಪ ಹತ್ತಿತು. ಹತ್ತಿದ್ದೇ ತಡ, ಸೂಜಿಗಳು ಗಲಗಲ ಎಂದು ಹೊರಟವು.

"ನಿಲ್ಲಿಸಿ. ಮೊನ್ನೆ ಒಂದಿನ ಊಟ ಬಿಟ್ಟು ಬಂದು ಕಿಟಕಿ ಗಾಜಿಂದ ನೀವು ಕಣ್ಣಾರೆ ನೋಡಿದಿರಲ್ಲ, ಆಗ ಹೇಗೆ ಹೊರಟಿತು?"

"ಹೇಗೆ ಅಂದ್ರೆ... ದೀಪ ಹತ್ತಿತು. ಸೂಜಿ ಅಲ್ಲಾಡಲಿಲ್ಲ. ನಾನು ಗಾಜಿಗೆ ಮೂಗು ಒತ್ತಿ ನೋಡ್ತಾನೇ ಇದ್ದೆ. ಇದೇನಪ್ಪಾ, ದೀಪ ಕೆಟ್ಟಿದೆಯಾ ಅಂದುಕೊಂಡೆ. ಒಂದು ಲೋಟ ನೀರು ಕುಡಿಯೋ ಅಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಹೆಣೆಯೋಕೆ ಶುರು ಮಾಡಿತು."

"ಯಾವತ್ತಾದರೂ ಗುಂಡಿ ಒತ್ತಿದಾಗ ಹೀಗೆ ನಿಂತಿದ್ದುಂಟಾ?"

"ಇಲ್ಲವೇ ಇಲ್ಲ. ಗುಂಡಿ ಒತ್ತಿದರೆ ಕಾದು ಕೂರೋ ಜಾಯಮಾನ ಅಲ್ಲ ಇದರದ್ದು."

ಕೊಕ್ಕೆಯ ಎದೆಯಲ್ಲಿ ಏನೋ ಕಚಗುಳಿಯಿಟ್ಟಂತಾಯಿತು. ಹಳೆಯ ಕೆಲಸದ ದಿನಗಳಲ್ಲಿ ತಪ್ಪಿನ ಬಾಲ ಕೈಗೆ ಸಿಕ್ಕಿದಾಗ ಆಗುತ್ತಿದ್ದದ್ದೂ ಇದೇ. ಟೈಮರ್ ಆಗಿದ್ದರೆ ಹೊತ್ತಾದ ಕೂಡಲೇ ಓಡಿಸುತ್ತದೆ, ಹೊಸ್ತಿಲಲ್ಲಿ ನಿಂತು ಯೋಚನೆ ಮಾಡುವುದಿಲ್ಲ. ಪ್ರೋಗ್ರಾಮನ್ನು ಹೊರಡಿಸಿ, ಹೊಸ್ತಿಲಲ್ಲೇ ತಡೆದು, ಒಮ್ಮೆ ಕಣ್ಣಾಡಿಸಿ, ಆಮೇಲೆ "ಹೂಂ, ನಡಿ" ಎನ್ನುವವರು ಲೋಕದಲ್ಲಿ ಒಂದೇ ಕಸುಬಿನವರು.

ಅವಳು ಯಂತ್ರದ ಪರದೆಯ ಮುಂದೆ ಕೂತು, ಈಗ ಒಳಗೆ ಏನೇನು ಓಡುತ್ತಿದೆ ಎಂದು ತೆರೆದು ನೋಡಿದಳು. ಹುಡುಕುವ ಕಷ್ಟವೇ ಇರಲಿಲ್ಲ. ಒಂದು ಪುಟ್ಟ ಪ್ರೋಗ್ರಾಮ್ ಮೂಲೆಯಲ್ಲಿ ಕಿವಿಗೊಟ್ಟು ಕೂತಿತ್ತು.

"ಇದನ್ನ ಇಲ್ಲಿ ಕೂರಿಸಿದ್ದು ಯಾರು ಭಾವ?"

ಭಾವ ಬಗ್ಗಿ ನೋಡಿದರು. "ಅದಾ? ಯಂತ್ರ ತಂದು ನಿಲ್ಲಿಸಿದ ದಿನ ನಮ್ಮ ಗುಮ್ಮಣ್ಣ ಬಂದು ಏನೋ ಟೈಪ್ ಮಾಡಿದ. ಇದನ್ನ ಮುಚ್ಚಬೇಡಿ ಅಂದ. ನಾನು ಮುಚ್ಚಲಿಲ್ಲ."

"ಆಗ ಈ ಪರದೆ ತೆರೆದಿದ್ದು ಯಾರ ಹೆಸರಲ್ಲಿ?"

"ನನ್ನ ಹೆಸರಲ್ಲೇ. ನಾನು ತೆರೆದು ಕೊಟ್ಟೆ, ಅವನು ಕೂತ."

"ಅಯ್ಯೋ ನನ್ನ ಪುಣ್ಯಾತ್ಮ ಭಾವ!" ಕೊಕ್ಕೆ ಚಪ್ಪಾಳೆ ತಟ್ಟಿದಳು. "ಅತ್ತೆ, ನಿಮ್ಮ ಫೋನ್ ತಗೊಳ್ಳಿ. ಇಲ್ಲೇ ಯಂತ್ರದ ಮುಂದೆ ಕುರ್ಚಿ ಹಾಕ್ಕೊಂಡು ಕೂರಿ. ಎದುರು ಕಟ್ಟಡದ ಮಹಡಿಗೆ ಹೋಗಿ ನಿಮಗೆ ಫೋನ್ ಮಾಡ್ತೀನಿ. ಇಲ್ಲಿ ಏನಾಗುತ್ತೋ ಕಂಡದ್ದು ಕಂಡ ಹಾಗೆ ಹೇಳಬೇಕು."

"ಕಂಡದ್ದಕ್ಕೆ ಒಂದು ಸೇರಿಸಿ ಹೇಳಲಾ?"

"ಬೇಡ ಅತ್ತೆ, ದಮ್ಮಯ್ಯ."

ಎದುರು ಕಟ್ಟಡ ಅಂಗಳದ ಆಚೆ ಬದಿಗಿತ್ತು. ಮಧ್ಯೆ ನೀರಿನ ತೊಟ್ಟಿ, ಅದರ ಮೇಲೆ ಹಾದುಹೋದ ಕಪ್ಪು ಕೇಬಲ್. ಮಹಡಿಯ ಮೂಲೆಯ ಕೋಣೆಯಲ್ಲಿ ಗುಮ್ಮಣ್ಣ ಕೂರುತ್ತಿದ್ದ. ಯಂತ್ರಕ್ಕೆ ಪ್ರೋಗ್ರಾಮ್ ಬರೆಯುವವನು ಅವನೇ. ಮಾತಾಡಿದರೆ ಮುತ್ತು ಉದುರಿ ಕಳೆದುಹೋದೀತು ಎನ್ನುವ ಗುಮ್ಮನಗುಸಕ. ಇಡೀ ಕಾರ್ಖಾನೆ ಅವನನ್ನು ಗುಮ್ಮಣ್ಣ ಎಂದೇ ಕರೆಯುತ್ತಿತ್ತು, ಅವನೂ ಬೇಡ ಎನ್ನುವಷ್ಟು ಬಾಯಿ ಬಿಟ್ಟಿರಲಿಲ್ಲ.

ಕೊಕ್ಕೆಯ ಹಿಂದೆ ಭಾವ, ಭಾವನ ಹಿಂದೆ ಮ್ಯಾನೇಜರ್, ಎಲ್ಲರ ಹಿಂದೆ ಮೆಟ್ಟಿಲು ಹತ್ತುತ್ತಾ ಉಸ್ಸೆನ್ನುತ್ತಾ ಯಜಮಾನಿ. ಇಷ್ಟು ಜನ ಒಟ್ಟಿಗೆ ಒಳಗೆ ನುಗ್ಗಿದ್ದು ನೋಡಿ ಗುಮ್ಮಣ್ಣ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಉರುಳಿ ಗೋಡೆಗೆ ಬಡಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ.

"ಕೂತ್ಕೊಳ್ಳಪ್ಪ," ಎಂದಳು ಕೊಕ್ಕೆ. "ಊಟದ ಹೊತ್ತಲ್ಲಿ ನೀನು ಊಟಕ್ಕೆ ಹೋಗಲ್ವಂತೆ?"

"ಹಸಿವಿರಲ್ಲ."

"ಡೀಬಗರ್ ತೆರೆದು ಕೂರ್ತೀಯಾ?"

ಗುಮ್ಮಣ್ಣ ಉಗುಳು ನುಂಗಿದ.

"ಅದೇನಮ್ಮ ಅದು?" ಯಜಮಾನಿ ಕುರ್ಚಿ ಎಳೆದುಕೊಂಡು ಕೂತರು. ಗುಂಡುಗುಂಡಗಿನ, ನಗುಮುಖದ ಹೆಂಗಸು. ಕಾರ್ಖಾನೆಯವರೆಲ್ಲ ಅವರನ್ನು ಅಮ್ಮಾವ್ರು ಎನ್ನುತ್ತಿದ್ದರು. "ನನಗೆ ತಿಳಿಯೋ ಹಾಗೆ ಹೇಳು."

"ಅಮ್ಮಾವ್ರೇ, ಡೀಬಗರ್ ಅಂದ್ರೆ ಪ್ರೋಗ್ರಾಮಿಗೆ ಹಾಕೋ ಮೂಗುದಾರ. ನಿಲ್ಲು ಅಂದಲ್ಲಿ ನಿಲ್ಲಬೇಕು. ಒಂದು ಹೆಜ್ಜೆ ಅಂದ್ರೆ ಒಂದೇ ಹೆಜ್ಜೆ. ತಪ್ಪು ಎಲ್ಲಿದೆ ಅಂತ ಹುಡುಕೋಕೆ ಬಳಸ್ತಾರೆ. ಮೂಗುದಾರ ಉದ್ದ ಇದ್ದರೆ ಎತ್ತು ಆ ಹೊಲದಲ್ಲಿರಲಿ, ಹಿಡಿದವರು ಈ ಮಹಡಿಯಲ್ಲಿ ಕೂತು ಅದನ್ನ ಎಬ್ಬಿಸಬಹುದು, ಓಡಿಸಬಹುದು. ಯಂತ್ರದ ಕಡೆ ಒಂದು ಪುಟ್ಟ ಪ್ರೋಗ್ರಾಮ್ ಕಿವಿಗೊಟ್ಟು ಕೂತಿರಬೇಕು, ಅಷ್ಟೇ. ಅದಕ್ಕೆ ಡೀಬಗ್ ಸರ್ವರ್ ಅಂತಾರೆ. ನಿಮ್ಮ ಯಂತ್ರದಲ್ಲಿ ಅದು ಆವತ್ತು ಕೂತದ್ದು ಕೂತಲ್ಲಿಂದ ಎದ್ದೇ ಇಲ್ಲ."

"ಹಾಗಾದ್ರೆ ಹೆಸರು?" ಮ್ಯಾನೇಜರ್ ಮುಂದೆ ಬಂದರು. "ಹೆಸರು ಇವರದ್ದು ಯಾಕೆ ಬಂತು?"

"ಸರ್ವರನ್ನ ಯಾರ ಹೆಸರಲ್ಲಿ ಕೂರಿಸಿದ್ದಾರೋ, ಅದು ಎಬ್ಬಿಸೋ ಪ್ರೋಗ್ರಾಮೆಲ್ಲ ಅವರ ಲೆಕ್ಕಕ್ಕೇ ಹೋಗುತ್ತೆ. ಇಲ್ಲಿಂದ ಅಪ್ಪಣೆ ಕೊಟ್ಟವರ ಹೆಸರು ಅಲ್ಲಿ ಕಾಣಲ್ಲ. ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸ್ತಂತೆ. ನಮ್ಮ ಭಾವ ಇಲ್ಲಿ ಮೇಕೆ."

"ನಾನು ಒರೆಸಲಿಲ್ಲ!" ಗುಮ್ಮಣ್ಣನ ಬಾಯಿಂದ ಇಡೀ ವಾಕ್ಯ ಹೊರಬಿದ್ದದ್ದು ಕೇಳಿ ಯಜಮಾನಿಯೇ ಬೆಚ್ಚಿದರು. "ನಾನು ಯಂತ್ರ ಓಡಿಸೇ ಇಲ್ಲ ಅಮ್ಮಾವ್ರೇ. ನಂದು ಸುಳ್ಳು ಓಟ!"

"ಸುಳ್ಳು ಓಟವಾ?"

ಈಗ ಕಟ್ಟೆ ಒಡೆಯಿತು. ವರ್ಷದ ಮಾತೆಲ್ಲ ಒಂದೇ ಉಸಿರಿಗೆ ಬಂತು. ಹೊಸ ಸ್ವೆಟರಿನ ಪ್ರೋಗ್ರಾಮ್ ಬರೆದದ್ದು ಅವನು. ಮೊದಲ ಸ್ವೆಟರನ್ನು ಯಜಮಾನಿ ತಾವೇ ತೊಟ್ಟುಕೊಂಡು ಎಲ್ಲರ ಎದುರು ಅವನ ಬೆನ್ನು ತಟ್ಟಿದ್ದರು. ಅವರು ಬೆನ್ನು ತಟ್ಟುವಾಗಲೇ ಅವನಿಗೆ ಕಂಡದ್ದು: ಎಡತೋಳು ಬಲತೋಳಿಗಿಂತ ಒಂದು ಬೆರಳು ಉದ್ದ. ಹೇಳಲು ಬಾಯಿ ಬರಲಿಲ್ಲ. ಯಾರ ಕಣ್ಣಿಗೂ ಬೀಳುವ ಮುಂಚೆ ಸರಿಪಡಿಸೋಣ ಎಂದು ಊಟ ಬಿಟ್ಟು ಕೂತ. ಪ್ರೋಗ್ರಾಮಿಗೆ 'ಸುಳ್ಳು ಓಟ' ಎಂಬ ಅಪ್ಪಣೆಯನ್ನೂ ಸೇರಿಸಿದ. ಅದನ್ನು ಕೊಟ್ಟರೆ ಪ್ರೋಗ್ರಾಮ್ ಲೆಕ್ಕವನ್ನೆಲ್ಲ ಮಾಡುತ್ತದೆ, ಸೂಜಿ ಮಾತ್ರ ಮುಟ್ಟುವುದಿಲ್ಲ.

ಯಜಮಾನಿ ತಮ್ಮ ಎಡಗೈಯನ್ನು ಎತ್ತಿ ನೋಡಿಕೊಂಡರು. "ಅಯ್ಯೋ ನಿನ್ನ ಮನೆ ಕಾಯ! ನನ್ನ ಕೈಯೇ ಗಿಡ್ಡ ಆಯ್ತು ಅಂತ ಡಾಕ್ಟರ್ ಹತ್ರ ಹೋಗಿಬಂದೆನಲ್ಲೋ!"

ಭಾವ ಕೂಡ ನಕ್ಕುಬಿಟ್ಟರು. ಒಂದು ವಾರದಿಂದ ಅವರ ನಗು ಕಾರ್ಖಾನೆಯವರು ಯಾರೂ ಕೇಳಿರಲಿಲ್ಲ.

"ಕಥೆ ಚೆನ್ನಾಗಿದೆ," ಎಂದರು ಮ್ಯಾನೇಜರ್. "ಸೂಜಿ ಮುಟ್ಟದ ಓಟದಿಂದ ಬುಟ್ಟಿ ಹೇಗೆ ತುಂಬಿತು? ಈ ಸುಳ್ಳು ಓಟಕ್ಕೂ ಇವರ ನಿಜವಾದ ತೋಳಿಗೂ ಸಂಬಂಧ ಇಲ್ಲ."

ಕೊಕ್ಕೆ ಆ ಪ್ರಶ್ನೆಗೇ ಕಾಯುತ್ತಿದ್ದಳು. ಮೇಜಿನ ಮೇಲಿನ ದೂರವಾಣಿಯಿಂದ ಅತ್ತೆಗೆ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದಳು.

"ಅತ್ತೆ, ಯಂತ್ರ ಏನು ಮಾಡ್ತಿದೆ?"

"ನನ್ನ ಮುಖ ನೋಡ್ತಾ ಇದೆ. ನಾನು ಅದರ ಮುಖ ನೋಡ್ತಾ ಇದೀನಿ."

"ಗುಮ್ಮಣ್ಣ, ದಿನಾ ಮಾಡೋದನ್ನೇ ಮಾಡು. ಒಂದಕ್ಷರ ಬದಲಾಗಬಾರದು."

ಗುಮ್ಮಣ್ಣ ಕೈ ಒರೆಸಿಕೊಂಡು ಕೀಲಿಮಣೆಯ ಮೇಲೆ ಬೆರಳಿಟ್ಟ. ಯಂತ್ರದ ಸರ್ವರಿಗೆ ಜೋಡಿಸಿಕೊಂಡ. ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ತಡೆ ಇಟ್ಟ. 'ಸುಳ್ಳು ಓಟ' ಎಂದು ಅಪ್ಪಣೆ ಸೇರಿಸಿದ. ಓಡಿಸಿದ.

"ಹಸಿರು ದೀಪ ಹತ್ತಿತು ಕಣೇ!" ಅತ್ತೆ ಕೂಗಿದರು.

"ಸೂಜಿ?"

"ಅಲ್ಲಾಡ್ತಿಲ್ಲ. ಸುಮ್ಮನೆ ನಿಂತಿದೆ."

"ನೋಡಿದ್ರಾ?" ಗುಮ್ಮಣ್ಣನಿಗೆ ಜೀವ ಬಂತು. "ಸುಳ್ಳು ಓಟ. ನಾನು ಹೇಳಿದೆನಲ್ಲ."

"ಇನ್ನೂ ಹೊಸ್ತಿಲಲ್ಲಿದೆ ಮಾರಾಯ. ಮುಂದಕ್ಕೆ ಬಿಡು."

ಅವನು ಬಿಟ್ಟ. ಅವನ ಪರದೆಯ ಮೇಲೆ ಎಲ್ಲವೂ ಶಾಂತವಾಗಿತ್ತು. ಸ್ಪೀಕರಿನಲ್ಲಿ ಮಾತ್ರ ಗಲಗಲ ಸದ್ದು, ಅದರ ಮೇಲೆ ಅತ್ತೆಯ ದನಿ: "ಅಯ್ಯಯ್ಯೋ, ಹೆಣೀತಿದೆ! ಮತ್ತೆ ತೋಳೇ! ಕೆಂಪು ತೋಳು, ಅಂಚಿಗೆ ಬಿಳಿ ಪಟ್ಟಿ!"

ಗುಮ್ಮಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು. ಭಾವ ತಟ್ಟನೆ, "ಬಿಳಿ ಪಟ್ಟಿ ಹಳೇ ಮಾದರಿಯದ್ದು. ಹೊಸದರಲ್ಲಿ ಪಟ್ಟಿಯೇ ಇಲ್ಲ," ಎಂದರು.

"ಅದೇ ನೋಡಿ." ಕೊಕ್ಕೆ ಗುಮ್ಮಣ್ಣನ ಪರದೆಯ ಮೂಲೆಯಲ್ಲಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಯಂತ್ರದ ಕಡೆ ಯಾವ ಫೈಲ್ ಎಬ್ಬಿಸಬೇಕು ಅಂತ ಡೀಬಗರಿಗೆ ನೀನು ಹೇಳಿದ್ದು ಇಲ್ಲಿ. ಯಾವಾಗ ಹೇಳಿದ್ದು?"

"ಯಂತ್ರ ತಂದ ದಿನ."

"ಆಮೇಲೆ ಹೊಸ ಪ್ರೋಗ್ರಾಮನ್ನ ಯಂತ್ರದಲ್ಲಿ ಎಲ್ಲಿಟ್ಟೆ?"

"ಬೇರೆ ಕಡೆ... ಹೊಸ ಜಾಗದಲ್ಲಿ." ಅವನು ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ. ಅಯ್ಯೋ ನನ್ನ ತಲೆಗಿಷ್ಟು ಬೆಂಕಿ ಹಾಕ!"

ಕಂಪ್ಯೂಟರ್ ಗೊತ್ತಿಲ್ಲದವರು ಮಾಡಲಾಗದ ತಪ್ಪು ಅದು. ಅವನ ಮೇಜಿನ ಮೇಲೆ ತೆರೆದಿದ್ದದ್ದು ಹೊಸ ಪ್ರೋಗ್ರಾಮ್, ಅವನ ಕಣ್ಣು ಇದ್ದದ್ದು ಅದರ ಮೇಲೆ. ಯಂತ್ರದಲ್ಲಿ ಎದ್ದು ಓಡುತ್ತಿದ್ದದ್ದು ಮಾತ್ರ ಹಳೆಯದು. ಕೈಯಲ್ಲಿ ಹೊಸ ಮನೆಯ ವಿಳಾಸ ಹಿಡಿದು ದಿನಾ ಹಳೇ ಮನೆಯ ಬಾಗಿಲು ತಟ್ಟುತ್ತಿದ್ದ. ಹಳೇ ಪ್ರೋಗ್ರಾಮಿಗೆ 'ಸುಳ್ಳು ಓಟ' ಎಂಬ ಮಾತೇ ಗೊತ್ತಿಲ್ಲ. ತಿಳಿಯದ ಮಾತನ್ನು ಕೇಳಿಯೂ ಕೇಳದಂತೆ ಬಿಟ್ಟು, ತನಗೆ ತಿಳಿದ ತೋಳೊಂದನ್ನೇ ಶ್ರದ್ಧೆಯಿಂದ ಹೆಣೆಯುತ್ತಿತ್ತು.

"ಇಲ್ಲಿ ಕಾಣೋ ಸಾಲಿಗೂ ಅಲ್ಲಿ ನಡೆಯೋದಕ್ಕೂ ತಾಳೆ ಆಗ್ತಿರಲಿಲ್ಲ, ಅಲ್ವಾ?"

"ಆಗ್ತಿರಲಿಲ್ಲ. ಅದಕ್ಕೇ ಮತ್ತೆ ಮತ್ತೆ ಓಡಿಸಿದೆ."

"ಎರಡು ಕಡೆಯ ಫೈಲು ಬೇರೆ ಬೇರೆ ಅಂತ ಡೀಬಗರ್ ಎಚ್ಚರಿಕೆಯನ್ನೂ ಕೊಟ್ಟಿರುತ್ತೆ."

"ಕೊಡ್ತಿತ್ತು." ಗುಮ್ಮಣ್ಣ ನೆಲ ನೋಡಿದ. "ಎಚ್ಚರಿಕೆ ಯಾರು ಓದ್ತಾರೆ?"

ಯಜಮಾನಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಕಣ್ಣೀರು ಬಂತು. "ದೆವ್ವ ಅಂತ ನಾನು ರಾತ್ರಿ ದೀಪ ಹಚ್ಚಿಕೊಂಡು ಮಲಗ್ತಿದ್ದೆ. ಇಲ್ಲಿ ನೋಡಿದ್ರೆ ನಾಚಿಕೆ ಸ್ವಭಾವದ ದೆವ್ವ!" ಕಣ್ಣು ಒರೆಸಿಕೊಂಡು ಭಾವನ ಕಡೆ ತಿರುಗಿದರು. "ತಪ್ಪಾಯ್ತಪ್ಪ. ಬಾಯಿಗೆ ಬಂದಂತೆ ಅಂದುಬಿಟ್ಟೆ. ನಿನ್ನ ಕೆಲಸ ನಿನ್ನದೇ, ಯಾರೂ ಮುಟ್ಟಲ್ಲ."

ಭಾವ ಸುಮ್ಮನೆ ತಲೆ ಆಡಿಸಿದರು. ಕೊಕ್ಕೆಗೆ ಹೃದಯ ತುಂಬಿ ಬಂತು. ಇದೇ ಭಾವ ಅವಳ ಕಚೇರಿಯ ಬಾಗಿಲಿಗೆ ಬಣ್ಣ ಹಚ್ಚಿಕೊಟ್ಟವರು, ಅವಳ ಮೊದಲ ಕೇಸು ಹಾಳಾದಾಗ "ಹೋಗಲಿ ಬಿಡು, ಬಿದ್ದವರೇ ಏಳೋದು" ಎಂದವರು. ಮ್ಯಾನೇಜರ್ ತಮ್ಮ ಬೂಟನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ್ದರು.

ಗುಮ್ಮಣ್ಣ ಓಟ ನಿಲ್ಲಿಸಿ, ಸಂಪರ್ಕ ಕಡಿದು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಯಜಮಾನಿ ಅವನ ಬೆನ್ನು ತಟ್ಟಿ, "ಇರಲಿ ಬಿಡೋ. ಈ ಸಲ ನಿಜವಾಗ್ಲೂ ತಟ್ತಾ ಇದೀನಿ," ಎಂದರು.

"ಅತ್ತೆ, ಮುಗೀತು. ಬಾಗಿಲು ಹಾಕ್ಕೊಂಡು ಬನ್ನಿ," ಎಂದಳು ಕೊಕ್ಕೆ.

"ಮುಗೀತು ಅಂತೀಯಾ, ಮತ್ತೆ ಶುರು ಮಾಡಿಸ್ತೀಯಾ. ಒಂದು ಹೇಳೇ."

"ಯಾರೂ ಶುರು ಮಾಡಿಲ್ಲ ಅತ್ತೆ."

"ಹಸಿರು ದೀಪ ಹತ್ತಿದೆ ಇಲ್ಲಿ."

ಕೋಣೆಯ ನಗು ಅಲ್ಲೇ ನಿಂತಿತು. ಎಲ್ಲರ ಕಣ್ಣು ಗುಮ್ಮಣ್ಣನ ಕೈಗಳ ಮೇಲೆ. ಆ ಕೈಗಳು ಅವನ ಮುಖದ ಮೇಲಿದ್ದವು.

"ಹೊರಟಿತು," ಎಂದರು ಅತ್ತೆ. ಆಮೇಲೆ, "ಇಲ್ಲ, ನಿಂತಿತು. ಒಂದು ಸಾಲು ಹೆಣೆದು ನಿಂತಿದೆ. ಈಗ ಇನ್ನೊಂದು ಸಾಲು. ಮತ್ತೆ ನಿಂತಿತು. ಹೊಸದಾಗಿ ಕಲಿಯೋರ ಥರ, ಒಂದೊಂದೇ ಸಾಲು. ಸ್ವಿಚ್ ತೆಗೆದುಬಿಡಲಾ?"

"ಬೇಡ! ಮುಟ್ಟಬೇಡಿ. ತೆಗೆದರೆ ಆ ಕಡೆ ಹಿಡಿದಿರೋರು ಪರಾರಿ. ಏನು ಹೆಣೀತಿದೆ ಹೇಳಿ. ತೋಳಾ?"

"ತೋಳಲ್ಲ, ಅಗಲ ಇದೆ. ನೀಲಿ ದಾರ. ಮಧ್ಯೆ ಬಿಳಿ... ತಡಿ, ಕನ್ನಡಕ ಹಾಕ್ಕೋತೀನಿ. ಕೊಕ್ಕು ಇದೆ. ಹಕ್ಕಿ ಕಣೇ! ಹಕ್ಕಿ ಬರ್ತಾ ಇದೆ!"

ಯಜಮಾನಿ ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡರು. "ಹಕ್ಕಿ ಮಾದರಿ..." ಎಂದರು ಸಣ್ಣ ದನಿಯಲ್ಲಿ. "ಹಾಡುಗಾರರ ತಂಡಕ್ಕೆ ಅಂತ ಮಾಡಿಸಿದ್ದು. ಅವರು ವೇದಿಕೆ ಹತ್ತೋ ತನಕ ಯಾರ ಕಣ್ಣಿಗೂ ಬೀಳಬಾರದು ಅಂತ ಮಾತು ಕೊಟ್ಟಿದೀನಿ. ನಾನು, ಗುಮ್ಮಣ್ಣ ಬಿಟ್ಟು ಅದನ್ನ ನೋಡಿದೋರಿಲ್ಲ. ಅದು ಹೊರಗೆ ಹೋದ್ರೆ ಈ ಕಾರ್ಖಾನೆ ಮಾತು ಇನ್ನು ಯಾರು ನಂಬ್ತಾರೆ?"

ಕೊಕ್ಕೆಗೆ ಅರ್ಥವಾಯಿತು, ಅರ್ಥವಾದದ್ದು ಇಷ್ಟವಾಗಲಿಲ್ಲ. ಮೂಗುದಾರ ಹಿಡಿದವರು ಎತ್ತನ್ನು ನಡೆಸುವುದಷ್ಟೇ ಅಲ್ಲ, ಅದು ಏನು ಮೇಯುತ್ತಿದೆ ಎಂದೂ ನೋಡಬಲ್ಲರು. ಒಂದು ಸಾಲಿಗೆ ನಿಲ್ಲಿಸಿ, ಆ ಸಾಲಿನಲ್ಲಿ ಯಾವ ಸೂಜಿಗೆ ಯಾವ ಬಣ್ಣ ಎಂದು ಒಳಗಿಂದ ಓದಿ, ಮುಂದಿನ ಸಾಲಿಗೆ ಬಿಡುವುದು. ಯಾರೋ ಎಲ್ಲೋ ಕೂತು ಯಜಮಾನಿಯ ಗುಟ್ಟನ್ನು ಸಾಲು ಸಾಲಾಗಿ ನಕಲು ಮಾಡಿಕೊಳ್ಳುತ್ತಿದ್ದರು. ಸರ್ವರನ್ನು ಮುಚ್ಚಿಸದೆ ಗೆದ್ದೆನೆಂದು ಬೀಗಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಗುಮ್ಮಣ್ಣ, ಮತ್ತೆ ಜೋಡಿಸ್ಕೋ. ಬೇಗ!"

ಗುಮ್ಮಣ್ಣ ಬಡಿದ. ತಲೆ ಅಲ್ಲಾಡಿಸಿದ. "ಆಗ್ತಿಲ್ಲ. ಸರ್ವರ್ ಒಂದು ಸಲಕ್ಕೆ ಒಬ್ಬರಿಗೇ ಕಿವಿ ಕೊಡೋದು. ಈಗ ಬೇರೆಯವರ ಕೈಲಿದೆ."

"ಯಾರ ಕೈಲಿ? ಯಾವ ಕಂಪ್ಯೂಟರಿಂದ ಬಂದಿದ್ದಾರೆ, ಅದನ್ನಾದರೂ ನೋಡು."

ಅವನ ಬೆರಳು ಓಡಿದವು. ಪರದೆಯ ಮೇಲೆ ಒಂದು ಸಾಲು ಬಂತು. ಗುಮ್ಮಣ್ಣ ಅದನ್ನು ಓದಿದ, ಮತ್ತೊಮ್ಮೆ ಓದಿದ. ಆಮೇಲೆ ಬಾಯಿ ಬಿಡದೆ, ಪರದೆಯನ್ನು ಮೆಲ್ಲಗೆ ಕೊಕ್ಕೆಯ ಕಡೆ ತಿರುಗಿಸಿದ.

ಅದು ಕಾರ್ಖಾನೆಯದೇ ಲ್ಯಾಪ್‌ಟಾಪ್. ಯಂತ್ರ ಹೊಸದಾಗಿ ಬಂದಾಗ, ಮನೆಯಲ್ಲಿ ಕೂತು ಕಲಿತುಕೊಳ್ಳಲಿ, ಬೇಕಾದರೆ ಅಲ್ಲಿಂದಲೇ ಯಂತ್ರವನ್ನು ನೋಡಲಿ ಎಂದು ಯಜಮಾನಿಯೇ ಕೊಡಿಸಿದ್ದು. ಕೊಡಿಸಿದ್ದು ಭಾವನಿಗೆ. ಈಗ ಅದು ಇರುವುದು ಭಾವನ ಮನೆಯಲ್ಲಿ. ಮತ್ತು ಈ ಹೊತ್ತಿಗೆ ಆ ಮನೆಯಲ್ಲಿರುವುದು ಒಬ್ಬಳೇ ಒಬ್ಬಳು.

ಕೊಕ್ಕೆ ಅಂಗೈಯಿಂದ ಆ ಸಾಲನ್ನು ಮುಚ್ಚಿದಳು. ಅವಳು ಹಿಂತಿರುಗಿ ನೋಡುವ ಮುಂಚೆಯೇ ಗೊತ್ತಾಯಿತು, ಹೆಗಲ ಹಿಂದಿನಿಂದ ಭಾವನೂ ಆ ಸಾಲನ್ನು ಓದಿದ್ದಾರೆಂದು. ಅವರ ಉಸಿರೇ ನಿಂತುಹೋಗಿತ್ತು.

"ಯಾರಂತಮ್ಮ?" ಯಜಮಾನಿ ಕೂತಲ್ಲಿಂದಲೇ ಕೇಳಿದರು.

"ನಾನು," ಎಂದರು ಭಾವ.

ಎಲ್ಲರೂ ತಿರುಗಿದರು. ಭಾವ ಗೋಡೆಯ ಕಡೆ ನೋಡುತ್ತಾ, ಪಾಠ ಒಪ್ಪಿಸುವವರಂತೆ ಗಡಗಡ ಹೇಳಿದರು: "ನಾನೇ ಅಮ್ಮಾವ್ರೇ. ಹಕ್ಕಿ ಓಡಿಸ್ತಿರೋದು ನಾನೇ. ಮನೆಯಿಂದ ಬರೋವಾಗ ಟೈಮರ್ ಇಟ್ಟು ಬಂದಿದ್ದೆ. ಗುಮ್ಮಣ್ಣಂದು ತೋಳು ಮಾತ್ರ. ಇದು ನನ್ನ ಕೆಲಸ. ಬೇರೆ ಯಾರಿಗೂ ಇದರಲ್ಲಿ ಸಂಬಂಧ ಇಲ್ಲ."

"ನಾನು ಮೊದಲೇ ಹೇಳಿದ್ದೆ!" ಮ್ಯಾನೇಜರ್ ಎಗರಿದರು.

ಯಜಮಾನಿಯ ಮುಖದಿಂದ ನಗು ಪೂರ್ತಿ ಇಳಿದುಹೋಯಿತು. "ಈಗ ತಾನೇ ನಿನ್ನ ಹತ್ರ ತಪ್ಪಾಯ್ತು ಅಂದೆನಲ್ಲಪ್ಪ ನಾನು," ಎಂದರು. ಆಮೇಲೆ ಕೊಕ್ಕೆಯನ್ನು ನೋಡಿದರು. "ನೀನು ಹೇಳಮ್ಮ. ಇವರು ಹೇಳೋದು ನಿಜವಾ?"

ಭಾವ ಕೊಕ್ಕೆಯ ಕಡೆ ನೋಡಿದರು. ಒಂದೇ ಒಂದು ಸಲ, ಯಾರಿಗೂ ಕಾಣದಷ್ಟು ಸಣ್ಣಗೆ, ಬೇಡ ಎಂದು ತಲೆ ಅಲ್ಲಾಡಿಸಿದರು. ವಾರವಿಡೀ ಕೆಲಸಕ್ಕಾಗಿ ಕಣ್ಣೀರು ಹಾಕಿದ ಮನುಷ್ಯ, ಕೈಗೆ ಬಂದ ಕೆಲಸವನ್ನು ತಾನಾಗಿಯೇ ಬಿಟ್ಟುಕೊಡುತ್ತಿದ್ದರು.

ಟೈಮರ್ ಸಾಲಿಗೊಮ್ಮೆ ನಿಂತು ಯೋಚಿಸುವುದಿಲ್ಲ ಎಂದು ಆ ಕೋಣೆಯಲ್ಲಿ ಕೊಕ್ಕೆಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವಳು ಕಿಟಕಿಯ ಹತ್ತಿರ ಹೋಗಿ, ಎಲ್ಲರಿಗೂ ಬೆನ್ನು ಮಾಡಿ, ತನ್ನ ಫೋನಿನಿಂದ ಅಕ್ಕನಿಗೆ ಕರೆ ಮಾಡಿದಳು.

ಆ ಕಡೆ ಫೋನ್ ರಿಂಗಾಗತೊಡಗಿತು. ಒಂದು ಸಲ. ಇನ್ನೊಂದು ಸಲ.

"ಅರೆ!" ಮೇಜಿನ ಮೇಲಿನ ಸ್ಪೀಕರಿನಲ್ಲಿ ಅತ್ತೆಯ ದನಿ. "ನಿಂತುಬಿಡ್ತು ಕಣೇ. ಅರ್ಧ ರೆಕ್ಕೆಗೇ ನಿಂತಿದೆ. ಮುಂದಕ್ಕೆ ಹೋಗ್ತಾನೇ ಇಲ್ಲ."

ಅದೇ ಹೊತ್ತಿಗೆ ಕೊಕ್ಕೆಯ ಕಿವಿಯಲ್ಲಿ, ಏದುಸಿರಿನ ನಡುವೆ, ಅಕ್ಕನ ಅಕ್ಕರೆಯ ದನಿ ಕೇಳಿಸಿತು:

"ಏನೇ ಆಯ್ತು? ಅವರು ಎದುರಿಗಿದ್ದಾಗಲೇ ಯಂತ್ರ ಓಡಿದ್ದು ಎಲ್ಲರೂ ನೋಡಿದ್ರಾ? ನಿಮ್ಮ ಭಾವ ಪಾರಾದ್ರಾ?"